ಚಿಪ್ಪು ಮಾಡಿದವನ ಕೈಗೆ ಚಿಪ್ಪು



ನಮ್ಮ ಜಿಲ್ಲೆಯಲ್ಲಿ ಈಗ ಯಾರ ಮನೆಗೆ ಹೋದರೂ ಒಂದೇ ಮಾತು: "ನಮ್ಮ ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರು. ಕಂಪ್ಯೂಟರಿನ ಚಿಪ್ಪು ಮಾಡುವ ಕಂಪೆನಿಯಲ್ಲಿದ್ದಾನೆ." ಕುಶಾಲನಗರದ ಕಾಫಿ ಕ್ಯೂರಿಂಗ್ ಕೆಲಸಗಾರನೂ, ಮಡಿಕೇರಿ ಪೇಟೆಯ ದಿನಸಿ ಅಂಗಡಿಯವನೂ ಹೆಂಡತಿಯ ಒಡವೆ ಅಡವಿಟ್ಟು ಮಗನನ್ನು ಓದಿಸುತ್ತಾರೆ. ಮಗನಿಗೆ ಕೆಲಸ ಸಿಕ್ಕಿತೆಂದರೆ ಅವನು ಕೂಲಿಯವರ ಸಾಲಿನಿಂದ ಸಾಹೇಬರ ಸಾಲಿಗೆ ದಾಟಿದನೆಂದು ನಂಬುತ್ತಾರೆ. ಈ ನಂಬಿಕೆ ಸುಳ್ಳು. ಅದು ಸುಳ್ಳೆಂದು ತೋರಿಸುವುದಕ್ಕಾಗಿಯೇ ಈ ಲೇಖನ.

ನಾನು ಮೇಷ್ಟರಾಗಿದ್ದ ಕಾಲದಲ್ಲಿ ನನ್ನ ಕೈಯಲ್ಲಿ ಭಿನ್ನರಾಶಿ ಕಲಿತ ಹುಡುಗನೊಬ್ಬ ಹೀಗೆಯೇ ಚಿಪ್ಪಿನ ಇಂಜಿನಿಯರಾದ. ಅವನ ತಂದೆ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಂತು ದುಡಿದವರು. ಏಳು ವರ್ಷ ಹುಡುಗ ಹಗಲಿರುಳೆನ್ನದೆ ದುಡಿದ. ಒಂದು ದಿನ ಬೆಳಿಗ್ಗೆ ಅವನನ್ನು ಕರೆದು ಹತ್ತೇ ನಿಮಿಷ ಮಾತಾಡಿದರು. ಮಧ್ಯಾಹ್ನಕ್ಕೆ ಅವನ ಗುರುತಿನ ಚೀಟಿಗೆ ಬಾಗಿಲು ತೆರೆಯಲಿಲ್ಲ. ತಪ್ಪೇನು ಎಂದು ಕೇಳಿದರೆ, "ನಿನ್ನ ತಪ್ಪೇನೂ ಇಲ್ಲ, ಯೋಜನೆ ನಿಂತಿತು" ಎಂದರಂತೆ. ಅವನ ತಂದೆ ನನ್ನನ್ನು ಕೇಳಿದರು: "ಮೇಷ್ಟ್ರೇ, ನಮ್ಮ ಮಿಲ್ಲಿನಲ್ಲಿ ಒಬ್ಬನನ್ನು ಬಿಡಿಸಬೇಕಾದರೂ ನೋಟೀಸು ಕೊಡಬೇಕಿತ್ತು. ಇಷ್ಟು ಓದಿದವನಿಗೆ ಅಷ್ಟೂ ಇಲ್ಲವೇ?" ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಮೊದಲು ಈ ಕಸುಬು ಏನೆಂಬುದನ್ನು ತಿಳಿಯಬೇಕು. ಉಗುರಿನಷ್ಟಗಲದ ಸಿಲಿಕಾನ್ ತುಣುಕಿನ ಮೇಲೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳೆಂಬ ಸಣ್ಣ ಸ್ವಿಚ್ಚುಗಳನ್ನು ಜೋಡಿಸಿದರೆ ಅದೇ ಮೈಕ್ರೋಪ್ರೊಸೆಸರು. ಒಂದು ತಂಡ ಅದು ಮಾಡಬೇಕಾದ ಲೆಕ್ಕವನ್ನು ಸಂಕೇತ ಭಾಷೆಯಲ್ಲಿ ಬರೆಯುತ್ತದೆ. ಇನ್ನೊಂದು ತಂಡ ಅದರಲ್ಲಿ ತಪ್ಪು ಹುಡುಕುತ್ತದೆ. ಮತ್ತೊಂದು ತಂಡ ಯಾವ ತಂತಿ ಎಲ್ಲಿ ಹಾಯಬೇಕೆಂದು ನಕ್ಷೆ ಹಾಕುತ್ತದೆ. ಒಟ್ಟು ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಪ್ಪು ಹುಡುಕುವುದಕ್ಕೇ ಬೇಕು. ಕ್ಯೂರಿಂಗ್ ಕಾರ್ಖಾನೆಯಲ್ಲಿ ನಮ್ಮ ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜವನ್ನು ಆರಿಸಿ ತೆಗೆಯುತ್ತಾರಲ್ಲ, ಇದೂ ಅದೇ ಕೆಲಸ. ಅವರ ಕಣ್ಣು ಸವೆಯುವುದು ಬೀಜದ ಮೇಲೆ, ಇವನ ಕಣ್ಣು ಸವೆಯುವುದು ಪರದೆಯ ಮೇಲೆ. ಒಂದು ತಪ್ಪು ಉಳಿದು ನಕ್ಷೆ ಅಚ್ಚಿಗೆ ಹೋದರೆ ಕೋಟಿಗಟ್ಟಲೆ ಹಣ ಹಾಳು. ಆದ್ದರಿಂದಲೇ ಗಡುವು ಹತ್ತಿರ ಬಂದಾಗ ಅವನಿಗೆ ರಾತ್ರಿಯೂ ಇಲ್ಲ, ಭಾನುವಾರವೂ ಇಲ್ಲ.

ಬೆಂಗಳೂರಿಗೆ ವಿದೇಶೀ ಕಂಪೆನಿಗಳ ಈ ಕೆಲಸ ಬಂದದ್ದು 1985ರಲ್ಲಿ. ಆ ವರ್ಷ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಅಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಅದರ ಹಿಂದೆ ಇತರರೂ ಬಂದರು. 1971ರಲ್ಲಿ ಇಂಟೆಲ್ ಕಂಪೆನಿ ಹೊರತಂದ ಮೊದಲ ಮೈಕ್ರೋಪ್ರೊಸೆಸರಿನಲ್ಲಿ ಇದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. ಅದೇ ಕಂಪೆನಿ 2008ರಲ್ಲಿ ದೊಡ್ಡ ಸರ್ವರ್ ಯಂತ್ರಗಳಿಗಾಗಿ ತಂದ ಜಿಯಾನ್ 7400 ಚಿಪ್ಪಿನಲ್ಲಿ 190 ಕೋಟಿ! ಅದನ್ನು ರೂಪಿಸಿದವರು ಬೆಂಗಳೂರಿನ ಇಂಜಿನಿಯರುಗಳು. ನಮ್ಮ ಮಕ್ಕಳ ಬುದ್ಧಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಅದಕ್ಕೂ ಹಿಂದಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಅದೇ ಊರಿನಲ್ಲಿ ಇನ್ನೊಂದು ಚಿಪ್ಪಿನ ಕೆಲಸ ನಡೆದಿತ್ತು. ಅದಕ್ಕೆ ಬೆಂಗಳೂರಿನ ಬಡಾವಣೆಯ ಹೆಸರನ್ನೇ ಇಟ್ಟು ವೈಟ್‌ಫೀಲ್ಡ್ ಎಂದು ಕರೆದಿದ್ದರು. 2005ರಲ್ಲಿ ಕಂಪೆನಿ ಅದನ್ನು ಕೈಬಿಟ್ಟಿತು. ಹೆಸರು ನಮ್ಮ ಊರಿನದು, ಅಳಿಸಿಹಾಕುವ ಅಧಿಕಾರ ಪರದೇಶದ್ದು!

ಇದು ನಮಗೆ ಹೊಸ ಕಥೆಯೇ? ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳೆಯುವುದು ಕೊಡಗಿನಲ್ಲಿ. ಮಳೆಯಲ್ಲಿ ನೆನೆಯುವವರು ನಾವು, ಕೊಯ್ಯುವವರು ನಾವು, ಒಣಗಿಸುವವರು ನಾವು. ರೊಬಸ್ಟಾದ ಬೆಲೆ ಕಟ್ಟುವವರು ಲಂಡನ್ನಿನವರು, ಅರೇಬಿಕಾದ ಬೆಲೆ ಕಟ್ಟುವವರು ನ್ಯೂಯಾರ್ಕಿನವರು. ಚಿಪ್ಪಿನದೂ ಇದೇ ವ್ಯವಹಾರ. ಮಿದುಳು ಇಲ್ಲಿಯದು, ಅಚ್ಚು ಹೊಡೆಯುವ ಕಾರ್ಖಾನೆ ಹೆಚ್ಚಾಗಿ ತೈವಾನಿನದು, ಹಕ್ಕುಪತ್ರ ಅಮೆರಿಕದ್ದು. ಕಾವೇರಿಯ ನೀರು ಬೆಂಗಳೂರಿಗೆ ಹೋಗುತ್ತದೆ, ಅದರ ಹಿಂದೆಯೇ ನಮ್ಮ ಮಕ್ಕಳೂ ಹೋಗುತ್ತಾರೆ. ಸೃಷ್ಟಿಸಿದ ವಸ್ತುವಿನಲ್ಲಿ ಮಾತ್ರ ಅವರಿಗೆ ಕಾಸಿನ ಒಡೆತನವಿಲ್ಲ.

"ಬಂಡವಾಳ ಹಾಕಿದವನು ಒಡೆಯ" ಎಂದು ವಾದಿಸುವವರಿದ್ದಾರೆ. ಆಗಲಿ, ಬಂಡವಾಳ ಯಾರದು? ಅಮೆರಿಕದ ಸರ್ಕಾರ 2024ರಲ್ಲಿ ಇಂಟೆಲ್‌ಗೆ 786 ಕೋಟಿ ಡಾಲರಿನವರೆಗೆ ಸಹಾಯಧನ ಮಂಜೂರು ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ಆ ಕಂಪೆನಿ 15,000 ಜನರನ್ನು ಕೆಲಸದಿಂದ ಕಡಿಮೆ ಮಾಡುವುದಾಗಿ ಸಾರಿತ್ತು! ನಮ್ಮಲ್ಲಿಯೂ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಚಿಪ್ಪಿನ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿ ತೆಗೆದಿಟ್ಟಿತು. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಕಂಪೆನಿಯ 22,516 ಕೋಟಿ ರೂಪಾಯಿಯ ಯೋಜನೆಗೆ ನೂರಕ್ಕೆ 50 ಪಾಲು ಕೇಂದ್ರದ್ದು, 20 ಪಾಲು ಆ ರಾಜ್ಯದ್ದು ಎಂದು ಗೊತ್ತಾಯಿತು. ಅಂಗಡಿಯವರೇ, ನೂರಕ್ಕೆ ಎಪ್ಪತ್ತು ಹಣ ನೀವು ಹಾಕಿ, ಒಡೆತನವನ್ನು ಪೂರ್ತಿಯಾಗಿ ಪಾಲುದಾರನಿಗೆ ಬಿಟ್ಟುಕೊಡುತ್ತೀರಾ? ಅಂಥ ವ್ಯಾಪಾರವನ್ನು ನೀವು ಮಾಡುವುದಿಲ್ಲ. ನಿಮ್ಮ ತೆರಿಗೆಯಿಂದ ಸರ್ಕಾರ ಮಾಡುತ್ತದೆ.

ಇನ್ನು ಕಾನೂನಿನ ಮಾತು. 1947ರ ಕೈಗಾರಿಕಾ ವಿವಾದ ಕಾಯ್ದೆ ತಾಂತ್ರಿಕ ಕೆಲಸ ಮಾಡುವವನನ್ನೂ ಕಾರ್ಮಿಕನೆಂದೇ ಕರೆಯಿತು. ಈಗಿನ ಹೊಸ ಸಂಹಿತೆಯಲ್ಲೂ ಆ ಶಬ್ದವಿದೆ. ಹಾಗಿದ್ದೂ, ನೇಮಕ, ಶಿಸ್ತು, ವಜಾಗಳ ನಿಯಮವನ್ನು ಬರೆದಿಡಬೇಕೆಂಬ 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ನಮ್ಮ ರಾಜ್ಯ ಸರ್ಕಾರ ಐ.ಟಿ. ಉದ್ಯಮಕ್ಕೆ ವಿನಾಯಿತಿ ಕೊಡುತ್ತ ಬಂತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಪ್ರಕಾರ 300ಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಸ್ಥಾಯೀ ಆದೇಶದ ಕಟ್ಟುಪಾಡೇ ಇಲ್ಲ. ಮಿಲ್ಲಿನ ಬಂಧುಗಳೇ, ನಿಮ್ಮ ಮಿಲ್ಲಿನಲ್ಲಿ ಎಷ್ಟು ಜನರಿದ್ದೀರಿ, ಎಣಿಸಿ ನೋಡಿ. ಮಗನಿಗೆ ಇಲ್ಲದ ರಕ್ಷಣೆ ಈಗ ಅಪ್ಪನಿಗೂ ಇಲ್ಲ. ಆ ತಂದೆಯ ಪ್ರಶ್ನೆಗೆ ಇದೇ ಉತ್ತರ.

"ಲಕ್ಷಗಟ್ಟಲೆ ಸಂಬಳ ತಿನ್ನುವವನಿಗೆ ಸಂಘವೇಕೆ?" ಎಂದು ಕೇಳಬಹುದು. ಸಂಬಳ ದೊಡ್ಡದು, ನಿಜ. ಮನೆಯ ಸಾಲದ ಕಂತೂ ದೊಡ್ಡದು, ಊರಿಗೆ ಕಳುಹಿಸಬೇಕಾದದ್ದೂ ದೊಡ್ಡದು. ಕೆಲಸ ಹೋದ ಮರುತಿಂಗಳು ಉಳಿಯುವುದು ಸಾಲ ಮಾತ್ರ. ಅವನು ಕಳುಹಿಸುವ ಹಣ ನಿಂತರೆ ಇಲ್ಲಿ ದಿನಸಿ ಅಂಗಡಿಯ ಉದ್ದರಿ ಪುಸ್ತಕ ಬೆಳೆಯುತ್ತದೆ, ಬಟ್ಟೆ ಅಂಗಡಿಯ ಗಲ್ಲಾ ಬರಿದಾಗುತ್ತದೆ. ಧಣಿ ಕೊಡುವ ದೊಡ್ಡ ಸಂಬಳವೂ ಧಣಿ ನಿಲ್ಲಿಸಬಹುದಾದ ಸಂಬಳವೇ.

ಸಂಘದಿಂದ ಏನಾಗುತ್ತದೆ ಎನ್ನುವವರು 2024ರ ಜುಲೈಯನ್ನು ನೆನೆಯಲಿ. ಐ.ಟಿ. ಕೆಲಸಗಾರರ ದಿನವನ್ನು 14 ಗಂಟೆಗೆ ಏರಿಸುವ ಪ್ರಸ್ತಾವ ಬೆಂಗಳೂರಿನಲ್ಲಿ ಹೊರಟಿತು. ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘ ಬೀದಿಗಿಳಿಯಿತು. ಆ ಪ್ರಸ್ತಾವ ಕಾಯ್ದೆಯಾಗಲಿಲ್ಲ. ಅದೇ ತಿಂಗಳು ದಕ್ಷಿಣ ಕೊರಿಯದಲ್ಲಿ, ಸಂಘವನ್ನೇ ಬಹುಕಾಲ ಸಹಿಸದಿದ್ದ ಸ್ಯಾಮ್‌ಸಂಗ್ ಕಂಪೆನಿಯಲ್ಲಿ, ಚಿಪ್ಪಿನ ಕೆಲಸಗಾರರು ಮುಷ್ಕರ ಹೂಡಿದರು. ಬೆಂಗಳೂರಿಗೂ ಇದು ಅಪರಿಚಿತ ವಿದ್ಯೆಯಲ್ಲ. 1980-81ರಲ್ಲಿ ಬಿ.ಇ.ಎಲ್., ಐ.ಟಿ.ಐ., ಎಚ್.ಎ.ಎಲ್., ಎಚ್.ಎಂ.ಟಿ. ದುಡಿಮೆಗಾರರು ಎರಡು ತಿಂಗಳಿಗೂ ಮೀರಿ ಮುಷ್ಕರ ನಡೆಸಿದ ನಗರ ಅದು.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಸಾರ್ವಜನಿಕ ಹಣ ಪಡೆಯುವ ಪ್ರತಿಯೊಂದು ಚಿಪ್ಪಿನ ಕಂಪೆನಿಯಲ್ಲಿ ಸಾರ್ವಜನಿಕರಿಗೆ ಒಡೆತನದ ಪಾಲಿರಲಿ. ಜನರನ್ನು ಹೊರಹಾಕಿದರೆ ಆ ಹಣ ವಾಪಸಾಗಲಿ. ಐದೇ ಜನರಿರಲಿ, ಐದು ಸಾವಿರವಿರಲಿ, ನೋಟೀಸು, ವಿಚಾರಣೆ, ಪರಿಹಾರವಿಲ್ಲದೆ ಯಾರನ್ನೂ ಬಿಡಿಸಕೂಡದು. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಚಿಪ್ಪಿನ ವಿನ್ಯಾಸ ಕಲಿಸುವ ಪ್ರಯೋಗಶಾಲೆಗೆ ಸರ್ಕಾರ ಹಣ ಕೊಡಲಿ. ಬಡವನ ಮಗ ಒಡವೆ ಅಡವಿಡದೆ ಓದಲಿ.

ಇಷ್ಟನ್ನು ಕೇಳುವುದಕ್ಕೆ ಒಂದು ಕೆಲಸ ಮೊದಲು ಆಗಬೇಕು. ಈ ಹಬ್ಬಕ್ಕೆ ಮಗ ಊರಿಗೆ ಬಂದಾಗ, ಸಂಬಳ ಎಷ್ಟೆಂದು ಕೇಳುವ ಮೊದಲು, "ಸಂಘಕ್ಕೆ ಸೇರಿದೆಯಾ?" ಎಂದು ಕೇಳಿ. ಇಲ್ಲವೆಂದರೆ ನಿಮ್ಮ ಮಿಲ್ಲಿನ ಸಂಘದ ರಸೀತಿಯನ್ನು ಅವನ ಕೈಗಿಟ್ಟು, ಅದು ಗಳಿಸಿಕೊಟ್ಟದ್ದೇನೆಂದು ವಿವರಿಸಿ. ಅವನು ಸಾಹೇಬನಲ್ಲ, ನಿಮ್ಮ ಹಾಗೆಯೇ ದುಡಿದು ತಿನ್ನುವವನು. ಇದು ಅವನಿಗೆ ಗೊತ್ತಾಗುವವರೆಗೆ ಚಿಪ್ಪು ಮಾಡಿದವನ ಕೈಗೆ ಉಳಿಯುವುದು ತೆಂಗಿನ ಚಿಪ್ಪೇ.