ಸುಮ್ಮನೆ ಸುತ್ತಾಟ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಆದರೆ ನಮ್ಮಂಥ ಮನೆಗಳ ಮಕ್ಕಳಿಗೆ ಅದರ ಅರ್ಧವನ್ನು ಮಾತ್ರ ಹೇಳಿಕೊಡುವುದು ವಾಡಿಕೆ. ‘ಓದು ಮಗಳೆ, ಓದು’ ಎಂದು ಅವ್ವ ಹೇಳಿದಳು, ಅಣ್ಣ ಹೇಳಿದ, ಊರಿನ ಮಾಸ್ತರರೂ ಹೇಳಿದರು. ಸುತ್ತು ಎಂದು ಒಬ್ಬರೂ ಹೇಳಲಿಲ್ಲ. ಇದು ಅವರ ತಪ್ಪೆಂದು ನಾನು ಹೇಳಲಾರೆ. ಸುತ್ತುವುದಕ್ಕೆ ಹಣ ಬೇಕು, ಬಿಡುವು ಬೇಕು. ಸುತ್ತುವವಳು ಹೆಣ್ಣಾದರೆ ಕಾರಣವೂ ಬೇಕು. ಈ ಮೂರರಲ್ಲಿ ಒಂದೂ ಇಲ್ಲದ ಮನೆಯಿಂದ ಬಂದವಳು ನಾನು. ಆದರೂ, ಕಾರಣವಿಲ್ಲದ ಸುತ್ತಾಟದ ಪರವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ವಾಚಕರು ಸಾವಧಾನದಿಂದ ಕೇಳಬೇಕು.

ನನ್ನ ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಬೆಂಗಳೂರಿಗೆ ಹೊರಟ ದಿನ ನಮ್ಮ ಅಜ್ಜಿ, ‘ಪರದೇಶಕ್ಕ ಹೊಂಟಿ, ಜ್ವಾಪಾನ’ ಎಂದು ಕಣ್ಣೊರೆಸಿಕೊಂಡಳು. ಭೂಪಟ ಬಲ್ಲ ನಾನು ಆಗ ನಕ್ಕಿದ್ದೆ. ಹೊಸಕೆರೆಹಳ್ಳಿಯ ಒಂದು ಕೋಣೆಯಲ್ಲಿ, ಸೆಂಟ್ರಿಂಗ್ ಕೆಲಸದ ಅಣ್ಣ ಮತ್ತು ಅತ್ತಿಗೆಯೊಡನೆ ಸಂಸಾರ ಹೂಡಿದ ಮೇಲೆ ಅಜ್ಜಿಯ ಭೂಗೋಳವೇ ಸರಿಯೆನಿಸಿತು. ಅಂಗಡಿಯಲ್ಲಿ ನಾನು ಬಾಯಿ ತೆರೆದೊಡನೆ ‘ಯಾವೂರಮ್ಮ ನಿಮ್ದು?’ ಎಂಬ ಪ್ರಶ್ನೆ. ಕೇಳುವವರದು ಕನ್ನಡವೇ, ನನ್ನದೂ ಕನ್ನಡವೇ; ಆದರೂ ನಾನು ಹೊರಗಿನವಳು. ನಮ್ಮ ನುಡಿಯಲ್ಲಿ ಪರದೇಶಿ ಎಂದರೆ ಬೇರೆ ದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಆ ಎರಡರ್ಥಗಳೂ ಒಂದೇ ಪದದಲ್ಲಿ ಏಕೆ ಕೂಡಿವೆ ಎಂಬುದು ನನಗೆ ಆ ವರ್ಷ ತಿಳಿಯಿತು.

ಮೊದಮೊದಲು ನನ್ನ ಬೆಂಗಳೂರು ಮೂರೇ ಸ್ಥಳಗಳ ಊರಾಗಿತ್ತು: ಕೋಣೆ, ಕಾಲೇಜು, ಗ್ರಂಥಾಲಯ. ನಾಲ್ಕನೆಯದು ಸಿಕ್ಕಿದ್ದು ಒಂದು ತಪ್ಪಿನಿಂದ. 2024ರ ನವೆಂಬರ್ 24, ಭಾನುವಾರ. ಅತ್ತಿಗೆ ಹೇಳಿದ ಸಾಮಾನು ತರಲು ಬನಶಂಕರಿಯ ಬಸ್ಸೆಂದು ನಾನು ಹತ್ತಿದ ಬಸ್ಸು ಹನುಮಂತನಗರದ ದಾರಿ ಹಿಡಿಯಿತು. ಗಾಬರಿಯಾಗಿ ಇಳಿದೆ. ಹಿಂದಿರುಗುವ ಬಸ್ಸು ಹುಡುಕುತ್ತಾ ಜನ ಹೋಗುವ ಕಡೆಗೇ ನಡೆದೆ. ನೋಡುತ್ತೇನೆ, ರಸ್ತೆಯ ಎರಡು ಬದಿಗೂ ಶೇಂಗಾದ ರಾಶಿ! ಮರುದಿನ ಕಾರ್ತಿಕದ ಕಡೆಯ ಸೋಮವಾರ. ಬಸವನಗುಡಿಯ ಕಡಲೆಕಾಯಿ ಪರಿಷೆ.

ನಮ್ಮವ್ವ ಕೂಲಿಗೆ ಶೇಂಗಾ ಬಿಡಿಸಿ ನನ್ನನ್ನು ಓದಿಸಿದವಳು. ಆ ಮಣ್ಣಿನ ವಾಸನೆಗೆ ಕಾಲು ತಾನಾಗಿ ನಿಂತಿತು. ಒಬ್ಬ ಮುದುಕಿಯನ್ನು, ‘ಶೇಂಗಾ ಸೇರಿಗೆ ಎಷ್ಟ್ರೀ?’ ಎಂದೆ. ಆಕೆಗೆ ತಿಳಿಯಲಿಲ್ಲ. ಕೈ ತೋರಿಸಿದ ಮೇಲೆ, ‘ಓ, ಕಡ್ಲೆಕಾಯಾ!’ ಎಂದು ನಕ್ಕಳು. ಮಾತು ಬೆಳೆಯಿತು. ನಿಮ್ಮ ಕಡೆ ಮಳೆ ಹೇಗೆ, ಬಿಡಿಸುವವರಿಗೆ ಕೂಲಿಯೆಷ್ಟು ಎಂದೆಲ್ಲ ಕೇಳಿದಳು. ಕಡೆಗೆ, ‘ಸ್ವಲ್ಪ ನೋಡ್ಕೊ ಮಗ, ಟೀ ಕುಡಿದು ಬತ್ತೀನಿ’ ಎಂದು ಸೇರನ್ನು ನನ್ನ ಕೈಗೆ ಕೊಟ್ಟು ಹೊರಟೇಹೋದಳು. ಅರ್ಧ ಗಂಟೆ ನಾನು ಬೆಂಗಳೂರಿನಲ್ಲಿ ವ್ಯಾಪಾರಿ! ನಾಲ್ಕು ಸೇರು ಅಳೆದೆ. ಅಳತೆ ಕಡಿಮೆಯಾಯಿತೆಂದು ಒಬ್ಬರಿಂದ ಬೈಸಿಕೊಂಡೆ. ಆ ಅರ್ಧ ಗಂಟೆಯಲ್ಲಿ ‘ಯಾವೂರು?’ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ‘ಸೇರು ಎಷ್ಟು?’ ಎಂದೇ. ಅದರ ಸಂತೋಷವನ್ನು ನಾನು ಹೇಗೆ ವರ್ಣಿಸಲಿ!

ಮುದುಕಿ ಮಡಿಲಿಗೆ ಹಾಕಿದ ಕಾಯಿ ತಿನ್ನುತ್ತಾ ದೊಡ್ಡ ಬಸವಣ್ಣನ ಗುಡಿಗೆ ಹೋದೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರ ಬೆಳೆಯನ್ನು ಬಸವ ಮೇಯುತ್ತಿತ್ತಂತೆ. ಅದಕ್ಕಾಗಿ ಮೊದಲ ಫಸಲು ಅವನಿಗೇ ಎಂದು ಹರಕೆ ಹೊತ್ತರಂತೆ. ಆ ಕಡಲೆಕಾಯಿಯಾದರೂ ಎಲ್ಲಿಯದು? ಅದರ ತವರು ದಕ್ಷಿಣ ಅಮೆರಿಕ. ಹಡಗು ಹತ್ತಿ ಪರದೇಶಿಯಾಗಿ ಬಂದ ಕಾಳಿಗೆ ಬೆಂಗಳೂರಿನಲ್ಲಿ ಪರಿಷೆಯೇ ನಡೆಯುವುದಾದರೆ, ರಾಯಚೂರಿನವಳು ಅಂಜುವುದೇಕೆ? ವೃಷಭಾವತಿ ನದಿ ಈ ಬಸವನ ಪಾದದಲ್ಲಿ ಹುಟ್ಟುತ್ತದೆಂಬ ನಂಬಿಕೆಯನ್ನೂ ಅಲ್ಲಿಯೇ ಕೇಳಿದೆ. ಮೈಸೂರು ರಸ್ತೆಯ ಬದಿಯಲ್ಲಿ ಮೂಗು ಮುಚ್ಚಿಕೊಂಡು ನಾನು ದಾಟುತ್ತಿದ್ದ ಕೊಳಚೆಯೇ ಆ ವೃಷಭಾವತಿ! ಅಂದಿನಿಂದ ಆ ದುರ್ವಾಸನೆ ನನಗೆ ಬರಿಯ ವಾಸನೆಯಲ್ಲ, ಒಂದು ದುಃಖ. ಊರು ನಮ್ಮದಾಗುವುದೆಂದರೆ ಅದರ ಕೇಡಿಗೂ ಮರುಗುವುದಷ್ಟೆ.

ಆಮೇಲೆ ಭಾನುವಾರ ಬಿಡುವು ಸಿಕ್ಕಾಗಲೆಲ್ಲ ಮೊದಲು ಬಂದ ಬಸ್ಸು ಹತ್ತುವುದು ನನ್ನ ವ್ರತವಾಯಿತು. ಒಮ್ಮೆ ಲಾಲ್‌ಬಾಗಿನ ಬಂಡೆ ಹತ್ತಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ತಿಳಿದಾಗ, ಆಂತರಿಕ ಪರೀಕ್ಷೆಯಲ್ಲಿ ಹೋದ ಆರು ಅಂಕಗಳ ಚಿಂತೆ ಹಗುರಾಯಿತು. ಎಲ್ಲ ದಿನವೂ ಹೀಗೆಯೇ ಎಂದು ತಿಳಿಯಬೇಡಿ. ಒಮ್ಮೆ ಗವಿಪುರದ ಗವಿ ಗಂಗಾಧರೇಶ್ವರನಲ್ಲಿಗೆ ನಡುಮಧ್ಯಾಹ್ನ ಹೋಗಿ, ಮುಚ್ಚಿದ ಬಾಗಿಲಿಗೆ ಕೈ ಮುಗಿದು, ಮಳೆಯಲ್ಲಿ ನೆನೆದು ಬಂದೆ. ಪಟ್ಟಿ ಮಾಡಿಕೊಂಡು ಹೋಗಿದ್ದರೆ ನಿರಾಶೆಯಾಗುತ್ತಿತ್ತು. ಏನನ್ನೂ ನಿರೀಕ್ಷಿಸದವಳಿಗೆ ಮಳೆಯೇ ಲಾಭ.

ಈಗ ಆಕ್ಷೇಪಣೆಗೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ನಾಡಿನ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಚೀಟಿ ದೊರೆಯಿತು. ‘ಪುಕ್ಕಟೆ ಸಿಕ್ಕಿತೆಂದು ಹೆಂಗಸರು ಸುಮ್ಮನೆ ತಿರುಗುತ್ತಾರೆ’ ಎಂದು ಆಗಿನಿಂದ ಆಡಿಕೊಳ್ಳುವವರಿದ್ದಾರೆ. ಅದು ಎಲ್ಲರ ತೆರಿಗೆಯ ಹಣವೆಂಬುದನ್ನು ಅರ್ಥಶಾಸ್ತ್ರ ಓದುವ ನಾನು ಮರೆತಿಲ್ಲ. ಆ ಚೀಟಿಯಿಂದಲೇ ಕೂಲಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರು ಅಸಂಖ್ಯ ಎಂದು ಉತ್ತರ ಕೊಡಬಹುದು. ಅದು ನಿಜವೂ ಹೌದು. ಆದರೆ ನನ್ನ ಉತ್ತರ ಬೇರೆ. ಹೌದು ಸ್ವಾಮಿ, ಸುಮ್ಮನೆಯೇ ತಿರುಗುತ್ತೇವೆ! ಗಂಡಸರು ಸಂಜೆಯೆಲ್ಲ ಕಟ್ಟೆಯ ಮೇಲೆ ಕುಳಿತರೆ ಯಾರಾದರೂ ಕಾರಣ ಕೇಳಿದ್ದುಂಟೆ? ಉಳ್ಳವರ ಮಕ್ಕಳು ಸುತ್ತಿದರೆ ಅನುಭವ, ನಾವು ಸುತ್ತಿದರೆ ಪೋಲಿತನ. ಇದು ಯಾವ ನ್ಯಾಯ? ಹೆಜ್ಜೆಹೆಜ್ಜೆಗೂ ಲೆಕ್ಕ ಒಪ್ಪಿಸಬೇಕಾದವಳು ಪದವೀಧರೆಯಾದಾಳು, ಸ್ವತಂತ್ರಳಾಗಲಾರಳು.

ಹೀಗೆ ವಾದಿಸುವ ನಾನೇ ಅವ್ವನಿಗೆ ಬಹುಕಾಲ ಏನೂ ಹೇಳಿರಲಿಲ್ಲ. ಅವಳು ಬಿಸಿಲಿನಲ್ಲಿ ಬಾಗಿರುವಾಗ ನಾನು ಬಂಡೆಯ ಮೇಲೆ ಗಾಳಿ ಸೇವಿಸುತ್ತಿದ್ದೆನೆಂದು ಯಾವ ಬಾಯಿಂದ ಹೇಳಲಿ? ಫೋನು ಮಾಡಿದಾಗ, ‘ಗ್ರಂಥಾಲಯದಾಗ ಇದ್ದೆ’ ಎನ್ನುತ್ತಿದ್ದೆ. ರಜೆಗೆ ಊರಿಗೆ ಹೋದಾಗ ಒಂದು ರಾತ್ರಿ ಎಲ್ಲವನ್ನೂ ಒಪ್ಪಿಸಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, ಮೊದಲು ಕೇಳಿದ್ದು ಬೆಂಗಳೂರಿನ ಶೇಂಗಾದ ಧಾರಣೆ. ಆಮೇಲೆ ದನಿ ತಗ್ಗಿಸಿ ಹೇಳಿದಳು: ‘ಹ್ವಾದ ಹುಣ್ಣಿಮಿಗೆ ಹುಲಿಗೆಮ್ಮನ ಗುಡಿಗೆ ಹೋಗಿದ್ನೆಲ್ಲ, ದರ್ಶನ ಆದಮ್ಯಾಲ ಬಸ್ಸಿಗೆ ಇನ್ನಾ ಹೊತ್ತಿತ್ತು. ಸುಮ್ನ ಹೊಳಿ ದಂಡಿಗೆ ಹೋಗಿ ಒಬ್ಬಾಕಿನ ಕುಂತಿದ್ದೆ. ಭಾಳ ಚಲೋ ಅನ್ಸಿತು. ನಿಮ್ಮಣ್ಣಗ ಹೇಳಬ್ಯಾಡ.’

ಐವತ್ತು ವರ್ಷ ಬಾಳಿದ ಹೆಂಗಸು ಅರ್ಧ ತಾಸು ಹೊಳೆಯ ದಂಡೆಯಲ್ಲಿ ಕುಳಿತದ್ದನ್ನು ಕಳ್ಳತನದಂತೆ ಬಚ್ಚಿಡಬೇಕೆ? ಈ ಲೇಖನ ಬರೆಯಲು ಹೊರಟದ್ದು ಆ ಮಾತಿನಿಂದಲೇ. ಅಣ್ಣನಿಗೆ ಹೇಳಿಲ್ಲ, ಆದರೆ ಈ ಸಂಚಿಕೆಯನ್ನು ಅವನ ಕೈಗೇ ಕೊಡುತ್ತೇನೆ.

ಪ್ರಿಯ ಸಹಪಾಠಿಗಳೇ, ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಪದವೀಧರರಾಗುವವರು ಅನೇಕರಿದ್ದೀರಿ. ಪುಸ್ತಕ ಬಿಡಿರೆಂದು ನಾನು ಹೇಳುವುದಿಲ್ಲ. ಪರೀಕ್ಷೆ ನನಗೂ ಉಂಟು. ವಾರಕ್ಕೊಂದು ಅರ್ಧ ದಿನ ಯಾರಿಗೂ ಲೆಕ್ಕ ಕೊಡದೆ ಸುತ್ತಿ ಬನ್ನಿ. ಸಹೋದರರೂ ಬರಬಹುದು, ಕಾಲ್ನಡಿಗೆಗೆ ಯಾರಿಗೂ ಚೀಟಿ ಬೇಡ. ಸಂಜೆ ಮನೆಗೆ ಬಂದು, ಎಲ್ಲಿಗೆ ಹೋಗಿದ್ದಿರೆಂದು ಕೇಳಿದವರಿಗೆ ನಿಜವನ್ನೇ ಹೇಳಿ.