ಚಾವಣಿ ಕದಲದಿದ್ದಾಗ
ಗುಂಡಿ ಒತ್ತಿದರೂ ಕನ್ವರ್ಟಿಬಲ್ ಕಾರಿನ ಚಾವಣಿ ಮಿಸುಕದಿದ್ದರೆ ಮೊದಲು ಎಂಜಿನ್ ಚಾಲೂ ಮಾಡಿ, ಮತ್ತೆ ಗುಂಡಿ ಒತ್ತಿ, ಚಾವಣಿ ಎತ್ತುವ ಪಂಪಿನ ಸದ್ದಿಗೆ ಕಿವಿಗೊಡಬೇಕು. ಬ್ಯಾಟರಿ ಸೊರಗಿದ್ದರೂ ಚಾವಣಿ ಮುಷ್ಕರ ಹೂಡುತ್ತದೆ. ಪಂಪು ಗುಂಯ್‌ಗುಡುತ್ತಿದ್ದರೆ ಕರೆಂಟು ಅಲ್ಲಿಯವರೆಗೆ ತಲುಪಿದೆ ಎಂದರ್ಥ, ಆಗ ಹೈಡ್ರಾಲಿಕ್ ಎಣ್ಣೆ ಸೋರಿದೆಯೇ ನೋಡಿ. ಸದ್ದೇ ಇಲ್ಲವೆಂದರೆ ಫ್ಯೂಸು, ರಿಲೇ ನೋಡಿ. ಮರ್ಸಿಡಿಸ್ ಎಸ್‌ಎಲ್‌ಕೆಯಂಥ ಗಟ್ಟಿ ಚಾವಣಿಯ ಕಾರುಗಳಲ್ಲಿ ಡಿಕ್ಕಿಯೊಳಗಿನ ಪರದೆಯನ್ನು ಎಳೆದು ಸಿಕ್ಕಿಸದಿದ್ದರೆ ಚಾವಣಿ ಇಳಿಯುವುದೇ ಇಲ್ಲ. ಸಾಮಾನು ಜಜ್ಜಿಹೋಗದಿರಲೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ನನಗೆ ನಿಜವಾಗಿ ಬೇಸರ ತರಿಸುವುದು 2002ರಲ್ಲಿ ಬಂದ ಮೊದಲ ತಲೆಮಾರಿನ ಬಿಎಂಡಬ್ಲ್ಯು ಜೆಡ್4. ಎಂಥ ಚೆಂದದ ಕಾರು! ಆದರೆ ಅದರ ಬಟ್ಟೆಯ ಚಾವಣಿಯನ್ನು ಎತ್ತಿ ಇಳಿಸುವ ಪಂಪಿನ ಮೋಟಾರನ್ನು ಸೀಟಿನ ಹಿಂದಿನ ತಗ್ಗಿನಲ್ಲಿ, ಮಳೆನೀರು ಹೊರಹೋಗುವ ತೂತಿನ ಹತ್ತಿರವೇ ಕೂರಿಸಿಬಿಟ್ಟಿದ್ದಾರೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ತರಗೆಲೆ, ದೂಳು, ಹೂವಿನ ಎಸಳು ಸೇರಿ ಕಪ್ಪು ರಾಡಿಯಾಗಿ ಆ ತೂತು ಕಟ್ಟಿಕೊಳ್ಳುತ್ತದೆ. ನಿಂತ ನೀರು ಮೇಲೇರಿ ಮೋಟಾರನ್ನು ಮುಳುಗಿಸುತ್ತದೆ, ಒಳಗೆಲ್ಲ ತುಕ್ಕು. ಹೊಸ ಪಂಪು ಬಲು ದುಬಾರಿ, ಬಿಚ್ಚಿ ಕೂರಿಸುವ ಕೂಲಿಯೂ ಕಡಿಮೆಯಲ್ಲ. ಅದಕ್ಕೇ ಎಷ್ಟೋ ಮಾಲೀಕರು ಮೋಟಾರನ್ನು ಡಿಕ್ಕಿಗೆ ಸ್ಥಳಾಂತರಿಸಿಕೊಂಡಿದ್ದಾರೆ; ಕಂಪನಿಯೇ ಮೊದಲು ಹಾಗೆ ಮಾಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಲಕ್ಕೆ ಮುಂಚೆ ಆ ತೂತಿನಲ್ಲಿ ಬಳುಕುವ ಪ್ಲಾಸ್ಟಿಕ್ ಎಳೆ ಆಡಿಸಿ ಕೊಳೆ ತೆಗೆಯಿರಿ, ಕಬ್ಬಿಣದ ತಂತಿ ಬೇಡ, ಪೈಪು ಹರಿದೀತು. ಚಾವಣಿ ಅರ್ಧಕ್ಕೆ ನಿಂತರೆ ಬಲವಂತವಾಗಿ ಎಳೆಯದೆ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಕೈಯಿಂದ ಮುಚ್ಚಿ ಗ್ಯಾರೇಜಿಗೆ ಒಯ್ಯಿರಿ.