ಅಗ್ಗದ ತಿಂಡಿಗೆ ದುಡ್ಡು ಕೊಡೋರು ಯಾರು?

ನಾಗಸಂದ್ರದ ಐಕಿಯಾಗೆ ಸೋಫಾ ತಗೊಳ್ಳೋಕೆ ಹೋದ ಒಬ್ಬ ಸ್ಟೂಡೆಂಟನ್ನೂ ನಾನು ನೋಡಿಲ್ಲ. ನಮ್ಮ ಹಾಸ್ಟೆಲಿನವರು ಹೋಗೋದು ತಿನ್ನೋಕೆ. ವೆಜ್ ಹಾಟ್‌ಡಾಗ್, ಸಾಫ್ಟಿ, ಕಾಫಿ. ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ, ಎಸಿ ಇದೆ, ಬಿಲ್ ನೋಡಿದ್ರೆ ಎದೆ ಒಡೆಯಲ್ಲ. ವಾಪಸ್ ಬಂದು ಹೇಳೋ ಮಾತು ಮಾತ್ರ ಒಂದೇ: "ಮಗಾ, ಅಷ್ಟು ದೊಡ್ಡ ಕಂಪನಿ ಇಷ್ಟು ಕಮ್ಮಿಗೆ ಕೊಡ್ತಾರೆ. ನಮ್ಮ ಗಾಡಿಯವರು ನೋಡು, ಪಾನಿಪುರಿ ರೇಟ್ ಏರಿಸ್ತಾನೇ ಇರ್ತಾರೆ."

ನನ್ನ ತಕರಾರು ಇರೋದು ಈ ಎರಡನೇ ವಾಕ್ಯದ ಮೇಲೆ.

ಐಕಿಯಾ 1943ರಲ್ಲಿ ಸ್ವೀಡನ್ನಿನಲ್ಲಿ ಇಂಗ್ವಾರ್ ಕಾಂಪ್ರಾಡ್ ಶುರು ಮಾಡಿದ ಕಂಪನಿ. ಹಸಿದ ಗಿರಾಕಿ ಮಂಚ, ಕಬೋರ್ಡ್ ನೋಡ್ತಾ ನಿಲ್ಲಲ್ಲ, ಮನೆಗೆ ಓಡ್ತಾನೆ. ಅದಕ್ಕೇ ಅಂಗಡಿಯೊಳಗೇ ಊಟ ಇಟ್ರು. ಅಲ್ಲಿ ತಿಂಡಿಯ ಕೆಲಸ ನಮ್ಮನ್ನ ಒಳಗೆ ಉಳಿಸ್ಕೊಳ್ಳೋದು. ದುಡ್ಡು ಮಾಡೋ ಕೆಲಸ ಕಬೋರ್ಡಿನದ್ದು. 2018ರಲ್ಲಿ ಹೈದರಾಬಾದಿಗೆ ಬಂದಾಗ ದನ, ಹಂದಿ ಮಾಂಸದ ಉಂಡೆ ಬಿಟ್ಟು ಕೋಳಿ, ತರಕಾರಿ ಉಂಡೆ ಮಾಡಿದ್ರು. 2022ರ ಜೂನಲ್ಲಿ ನಾಗಸಂದ್ರದಲ್ಲಿ ಬಾಗಿಲು ತೆಗೆದ್ರು. ಇದರಲ್ಲಿ ಮೋಸ ಏನಿಲ್ಲ, ಒಳ್ಳೆ ಲೆಕ್ಕ. ನಮ್ಮ ಹಾಟ್‌ಡಾಗಿನ ಅರ್ಧ ದುಡ್ಡನ್ನ ಪಕ್ಕದ ಟೇಬಲ್ಲಲ್ಲಿ ಕೂತು ಕಿಚನ್ ಮಾಡಿಸ್ಕೊಳ್ಳೋ ಅಂಕಲ್ ಕೊಡ್ತಿದ್ದಾರೆ ಅನ್ಕೊಳ್ಳಿ.

ಈಗ ಬಂಗಾರಪೇಟೆ ಪಾನಿಪುರಿ ತಗೊಳ್ಳಿ. ನಮ್ಮೂರು ಬೂದಿಕೋಟೆ (ಹೈದರಾಲಿ ಹುಟ್ಟಿದ ಊರು, ಕೇಳಿದವರಿಗೆಲ್ಲ ಇದನ್ನ ಹೇಳ್ಬೇಕು, ಹೇಳ್ತೀನಿ). ಬಂಗಾರಪೇಟೆಗೆ ಹೋದ್ರೆ ಅದನ್ನ ತಿನ್ನದೆ ವಾಪಸ್ ಬರೋ ಪದ್ಧತಿ ಇಲ್ಲ. ಹಸಿರು ಪಾನಿ ಅಲ್ಲ, ಬಣ್ಣನೇ ಇಲ್ಲ. ನೋಡೋಕೆ ಬರೀ ನೀರು, ಬಾಯಿಗಿಟ್ರೆ ಕಣ್ಣಲ್ಲಿ ನೀರು. ಆ ಗಾಡಿ ಹಿಂದೆ ಯಾವ ಕಬೋರ್ಡೂ ಇಲ್ಲ. ಎಣ್ಣೆ, ಗ್ಯಾಸ್, ಆಲೂಗಡ್ಡೆ ಏರಿದ್ರೆ ಪೂರ್ತಿ ಭಾರ ಪುರಿ ಮೇಲೇ ಬೀಳ್ಬೇಕು. ಅದನ್ನ ಹೊರೋಕೆ ಬೇರೆ ಅಂಕಲ್ ಇಲ್ಲ.

ಅಗ್ಗ ಅನ್ನೋದೂ ಪೂರ್ತಿ ನಿಜ ಅಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿ ಆಯ್ತು. ಹೋಗಿ ಬರೋ ಖರ್ಚು ಸೇರಿಸಿ ನೋಡಿ.

ಆದ್ರೂ ಹೋಗ್ತೀವಿ. ಯಾಕಂದ್ರೆ ಅಲ್ಲಿ ಕುರ್ಚಿ ಇದೆ. ಗಾಡಿ ಹತ್ರ ನಿಂತೇ ತಿನ್ಬೇಕು, ದರ್ಶಿನಿಗಳಲ್ಲೂ ಹೆಚ್ಚಾಗಿ ನಿಂತೇ. ಊರಲ್ಲಿ ನಾವು ನಾಲ್ಕು ಹುಡುಗೀರು ಒಂದು ಕಾಫಿಗೆ ಒಂದು ಗಂಟೆ ಕೂತ್ರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟತ್ತೆ. ಐಕಿಯಾದಲ್ಲಿ ಯಾರೂ ತಿರುಗಿ ನೋಡಲ್ಲ. ನಾವು ಕೊಂಡ್ಕೊಳ್ಳೋದು ಹಾಟ್‌ಡಾಗ್ ಅಲ್ಲ, ಆ ಒಂದು ಗಂಟೆ. ಗಾಡಿಯವರ ಹತ್ರ ಮಾರೋಕೆ ಅದಿಲ್ಲ, ಅದು ಅವರ ತಪ್ಪೂ ಅಲ್ಲ. ಬಸ್‌ಸ್ಟ್ಯಾಂಡ್ ಹತ್ರ ನೆರಳಲ್ಲಿ ನಾಲ್ಕು ಬೆಂಚ್ ಹಾಕ್ಸೋದು ಪಂಚಾಯ್ತಿ, ಪುರಸಭೆ ಕೆಲಸ.

ಐಕಿಯಾಗೆ ಹೋಗಿ, ತಿನ್ನಿ, ನಾನೂ ಬರ್ತೀನಿ. ಆದ್ರೆ ಗಾಡಿ ಮುಂದೆ ನಿಂತು "ಅಣ್ಣಾ, ಅಲ್ಲಿ ಇಷ್ಟಕ್ಕೆ ಹಾಟ್‌ಡಾಗೇ ಸಿಗತ್ತೆ" ಅಂತ ಚೌಕಾಸಿ ಮಾತ್ರ ಬೇಡ. ಕೊನೇಲಿ ಒಂದು ಒಣ ಪುರಿ ಕೇಳಿದ್ರೆ ಅವರು ಫ್ರೀಯಾಗೇ ಕೊಡ್ತಾರೆ.